ಅರಸನ ಬೊಕ್ಕಸ, ಬಡವನ ಪಾಲು



ನಿನ್ನೆಯ ಪ್ರವಚನ ಮುಗಿದು ನಾವು ಪೂಜೆಗೆ ಏಳುವ ಹೊತ್ತಿನಲ್ಲಿ ಶ್ರೀಮಠದ ಹಳೆಯ ಭಕ್ತರೊಬ್ಬರು, ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟವರು, ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದರು. "ಅಪ್ಪಾರ, ಸರಕಾರದವರು ಪುಕ್ಕಟೆ ಅಕ್ಕಿ ಕೊಡ್ತಾರ, ಮುದುಕರಿಗೆ ಪಗಾರ ಕೊಡ್ತಾರ. ದುಡಿಯಾಕ ಆಳ ಸಿಗವಲ್ರು. ಕಾಯಕವನ್ನೇ ಕೈಲಾಸ ಅಂದ ಶರಣರು ಇದನ್ನ ಒಪ್ತಿದ್ರೇನ್ರಿ? ಶಾಸ್ತ್ರದಾಗ ಇಂಥಾದ್ದು ಎಲ್ಲೆರೆ ಐತೇನು?" ಎಂದರು. ಅವರು ಕುಚೋದ್ಯಕ್ಕೆ ಕೇಳಿದವರಲ್ಲ. ವರ್ಷಕ್ಕೊಮ್ಮೆ ಶ್ರೀಮಠದ ದಾಸೋಹಕ್ಕೆ ಜೋಳದ ಚೀಲ ಕಳಿಸುವ ಕೈ ಅವರದು. ರಾತ್ರಿ ನಮಗೆ ಅದೇ ಯೋಚನೆಯಾಯಿತು. ಇಂದು ಹೇಳಬೇಕೆಂದಿದ್ದ ವಿಷಯವನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ. ಯಾವ ಪಕ್ಷದ ಪರವಾಗಿಯೂ ನಾವು ಮಾತಾಡುವವರಲ್ಲ ಎಂಬುದು ನಿಮಗೆ ಗೊತ್ತಿದೆ. ಪ್ರಶ್ನೆ ಶಾಸ್ತ್ರದ್ದು, ಆದ್ದರಿಂದ ಶಾಸ್ತ್ರದಿಂದಲೇ ಆರಂಭಿಸೋಣ.

ನಾವು ಪಾಠಶಾಲೆಯಲ್ಲಿ ಓದುವಾಗ ವ್ಯಾಕರಣ ಓದಿದೆವು, ತರ್ಕ ಓದಿದೆವು, ಕಾವ್ಯಗಳನ್ನು ಬಾಯಿಪಾಠ ಮಾಡಿದೆವು. ರಾಜ್ಯಶಾಸ್ತ್ರವನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಮೋಕ್ಷಕ್ಕೆ ಹೊರಟ ವಟುಗಳಿಗೆ ಕಂದಾಯದ ವಿಚಾರವೇಕೆ ಎಂದು ಗುರುಗಳು ಭಾವಿಸಿದ್ದಿರಬೇಕು. ಕೌಟಿಲ್ಯನ ಅರ್ಥಶಾಸ್ತ್ರವನ್ನು ನಾವು ಓದಿದ್ದು ಪಟ್ಟಕ್ಕೆ ಬಂದ ಮೇಲೆ, ಮಠದ ಹೊಲಮನೆಗಳ ಲೆಕ್ಕ ನೋಡುವ ಪ್ರಸಂಗ ಬಂದಾಗ. ಆ ಗ್ರಂಥ ಲೋಕಕ್ಕೆ ಮರಳಿ ಸಿಕ್ಕಿದ್ದು ನಮ್ಮ ನಾಡಿನಲ್ಲಿಯೇ ಎಂಬುದನ್ನು ನೀವು ತಿಳಿದಿರಬೇಕು. ಶತಮಾನಗಳ ಕಾಲ ಅದರ ಹೆಸರು ಮಾತ್ರ ಉಳಿದಿತ್ತು, ಪುಸ್ತಕ ಯಾರ ಕೈಯಲ್ಲಿಯೂ ಇರಲಿಲ್ಲ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಗ್ರಂಥಾಲಯಕ್ಕೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಅದು ಇರುವುದನ್ನು 1905ರಲ್ಲಿ ಗುರುತಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ತಾಳೆಗರಿಯ ಧೂಳು ಒರೆಸುತ್ತ ಕುಳಿತ ಒಬ್ಬ ಗ್ರಂಥಪಾಲಕರಿಂದ ಭಾರತದ ರಾಜ್ಯನೀತಿಯ ಇತಿಹಾಸವನ್ನೇ ಹೊಸದಾಗಿ ಬರೆಯಬೇಕಾಯಿತು. ಇದೂ ಒಂದು ಕಾಯಕವೇ.

ಈ ಕೌಟಿಲ್ಯನು ಬಡವರ ವಿಷಯದಲ್ಲಿ ಏನು ಹೇಳಿದ್ದಾನೆ? ಎರಡನೆಯ ಅಧಿಕರಣದ ಮೊದಲಲ್ಲೇ ಇದೆ. ಹೊಸದಾಗಿ ನಾಡನ್ನು ನೆಲೆಗೊಳಿಸುವ ಕ್ರಮವನ್ನು ಹೇಳುವಾಗ, ಮಕ್ಕಳು, ಮುದುಕರು, ರೋಗಿಗಳು, ಸಂಕಟಕ್ಕೆ ಸಿಕ್ಕವರು, ಇವರಲ್ಲಿ ದಿಕ್ಕಿಲ್ಲದವರನ್ನು ರಾಜನೇ ಸಾಕಬೇಕು ಎನ್ನುತ್ತಾನೆ. ಆಸರೆಯಿಲ್ಲದ ಗರ್ಭಿಣಿಯನ್ನೂ, ಅವಳು ಹೆತ್ತ ಮೇಲೆ ಆ ಕೂಸನ್ನೂ ಸಾಕಬೇಕು. ಇದನ್ನು ದಾನದ ಪ್ರಕರಣದಲ್ಲಿ ಇಟ್ಟಿಲ್ಲ ಎಂಬುದನ್ನು ಗಮನಿಸಿರಿ. ಕೆರೆ ಕಟ್ಟಿಸುವುದು, ದಾರಿ ಹಾಕಿಸುವುದು, ಕಳ್ಳರಿಂದ ಕಾಯುವುದು ಎಲ್ಲಿ ಬರುತ್ತವೆಯೋ ಅಲ್ಲಿಯೇ ಇದೂ ಬರುತ್ತದೆ. ರಾಜನ ದಿನನಿತ್ಯದ ಕೆಲಸಗಳಲ್ಲಿ ಒಂದು ಎಂದು ಲೆಕ್ಕ.

ಅದರ ಪಕ್ಕದಲ್ಲಿಯೇ ಇನ್ನೊಂದು ಮಾತಿದೆ. ಶಕ್ತಿಯಿದ್ದೂ ಹೆಂಡತಿ ಮಕ್ಕಳನ್ನು, ತಂದೆತಾಯಿಗಳನ್ನು, ಪ್ರಾಯಕ್ಕೆ ಬಾರದ ತಮ್ಮಂದಿರನ್ನು, ಮದುವೆಯಾಗದ ಹಾಗೂ ಗಂಡನನ್ನು ಕಳೆದುಕೊಂಡ ಅಕ್ಕತಂಗಿಯರನ್ನು ಸಾಕದವನಿಗೆ ಹನ್ನೆರಡು ಪಣ ದಂಡ. ಅಂದರೆ ಮೊದಲು ಮನೆಯವರ ಹೊಣೆ. ಮನೆಯವರು ಇಲ್ಲದಿದ್ದಲ್ಲಿ ಅರಮನೆಯ ಹೊಣೆ. ಇದರ ಮುಂದಿನ ನಿಯಮವನ್ನು ನಮ್ಮಂತಹ ಕಾವಿಧಾರಿಗಳು ಕಿವಿಗೊಟ್ಟು ಕೇಳಬೇಕು: ಹೆಂಡತಿ ಮಕ್ಕಳಿಗೆ ಬದುಕುವ ದಾರಿ ಮಾಡಿಡದೆ ಸಂನ್ಯಾಸಕ್ಕೆ ಹೊರಟವನನ್ನೂ ಹಿಡಿದು ದಂಡಿಸಬೇಕಂತೆ. ವೈರಾಗ್ಯದ ಹೆಸರಿನಲ್ಲಿ ಅಡುಗೆ ಮನೆಯ ಭಾರವನ್ನು ಊರ ಮೇಲೆ ಹಾಕಿ ಹೋಗುವವರು ಆ ಕಾಲಕ್ಕೂ ಇದ್ದರು ಎಂದಾಯಿತು.

ಇನ್ನು ದುಡಿಮೆಯ ವಿಷಯ. ನಮ್ಮ ಅಡತಿಯ ಭಕ್ತರು ಇದನ್ನು ಲಕ್ಷ್ಯವಿಟ್ಟು ಕೇಳಬೇಕು. ಕೌಟಿಲ್ಯನ ರಾಜ್ಯದಲ್ಲಿ ನೂಲಿನ ಇಲಾಖೆಯೊಂದು ಇತ್ತು, ಅದಕ್ಕೆ ಸೂತ್ರಾಧ್ಯಕ್ಷನೆಂಬ ಅಧಿಕಾರಿ. ವಿಧವೆಯರು, ಅಂಗವಿಕಲರಾದ ಹೆಂಗಸರು, ಹೆಣ್ಣುಮಕ್ಕಳು, ಮುದುಕಿಯರು, ಇಂಥವರಿಗೆ ಹತ್ತಿ, ಉಣ್ಣೆ, ನಾರು ಕೊಟ್ಟು ನೂಲು ತೆಗೆಸಬೇಕು. ನೂಲು ನಯವೋ ಒರಟೋ ನೋಡಿ ಕೂಲಿ ಕಟ್ಟಬೇಕು. ಮನೆ ಬಿಟ್ಟು ಹೊರಗೆ ಬಾರದ ಹೆಂಗಸರಿದ್ದರೆ ಇಲಾಖೆಯ ದಾಸಿಯರ ಕೈಯಲ್ಲಿ ಮರ್ಯಾದೆಯಿಂದ ಕೆಲಸವನ್ನು ಅವರ ಮನೆಗೇ ಕಳಿಸಬೇಕು. ತಾವೇ ಬರುವವರು ಬೆಳಗಿನ ಜಾವ ಬಂದು ನೂಲು ಒಪ್ಪಿಸಿ ಕೂಲಿ ಒಯ್ಯಬೇಕು. ಅಲ್ಲಿ ದೀಪ ಇಡುವುದು ನೂಲನ್ನು ನೋಡುವ ಮಟ್ಟಿಗೆ ಮಾತ್ರ. ಅಧಿಕಾರಿಯಾದವನು ಆಕೆಯ ಮುಖ ನೋಡಿದರೆ, ಬೇರೆ ಮಾತು ತೆಗೆದರೆ ಅವನಿಗೆ ದಂಡ. ಕೂಲಿ ಕೊಡುವುದನ್ನು ತಡ ಮಾಡಿದರೆ ಅದಕ್ಕಿಂತ ದೊಡ್ಡ ದಂಡ. ಬಡ ಹೆಂಗಸು ಸರಕಾರದ ಬಾಗಿಲಿಗೆ ಹೋದಾಗ ಏನೇನು ಅನುಭವಿಸುತ್ತಾಳೆ ಎಂಬುದನ್ನು ಕಣ್ಣಾರೆ ಕಂಡವನಲ್ಲದೆ ಬೇರೆಯವನು ಈ ನಿಯಮಗಳನ್ನು ಬರೆಯಲಾರ.

ಹಾಗೆಂದು ಕೌಟಿಲ್ಯನು ಮೃದು ಹೃದಯದವನೆಂದು ತಿಳಿಯಬೇಡಿರಿ. ಮಾಡದ ಕೆಲಸಕ್ಕೆ ಕೂಲಿ ಕೊಟ್ಟ ಅಧಿಕಾರಿಗೂ ಅವನು ದಂಡ ಹೇಳಿದ್ದಾನೆ. ಕೂಲಿ ಪಡೆದು ಕೆಲಸ ಮಾಡದವಳ ಹೆಬ್ಬೆರಳಿಗೆ ಶಿಕ್ಷೆ ಹೇಳಿದ್ದಾನೆ. ಬೊಕ್ಕಸ ಬರಿದಾದಾಗ ದೇವಸ್ಥಾನಗಳಲ್ಲಿ ಸುಳ್ಳು ಪವಾಡ ತೋರಿಸಿ ಜನರಿಂದ ಹಣ ಎತ್ತುವ ಉಪಾಯವನ್ನೂ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಗುಡಿ ಮಠಗಳವರು ತಲೆಯ ಮೇಲೆ ಹೊತ್ತು ಮೆರೆಸುವ ಗ್ರಂಥ ಅದಲ್ಲ. ಇಂತಹ ಕಠಿಣ ಮನುಷ್ಯನೂ ದಿಕ್ಕಿಲ್ಲದವರ ಪಾಲನ್ನು ಮರೆಯಲಿಲ್ಲ ಎಂಬುದೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಬರಗಾಲದ ವಿಚಾರಕ್ಕೆ ಬರೋಣ. ಅರಸನ ಕಣಜದಲ್ಲಿ ಸೇರಿದ ಧಾನ್ಯದಲ್ಲಿ ಅರ್ಧವನ್ನು ನಾಡಿನ ಆಪತ್ತಿಗೆಂದು ತೆಗೆದಿಡಬೇಕು, ಉಳಿದ ಅರ್ಧವನ್ನು ಮಾತ್ರ ಬಳಸಬೇಕು, ಹಳೆಯದು ಹುಳು ಹಿಡಿಯುವ ಮೊದಲು ಹೊಸದನ್ನು ತುಂಬಬೇಕು. ಬರ ಬಿದ್ದಾಗ ಬೀಜ ಮತ್ತು ಅನ್ನ ಕೊಡಬೇಕು, ಕೋಟೆ ಕಟ್ಟೆಗಳ ಕೆಲಸ ತೆಗೆದು ಕೆಲಸಕ್ಕೆ ಬಂದವರಿಗೆ ಊಟ ಹಾಕಬೇಕು, ಇದ್ದ ಧಾನ್ಯವನ್ನು ಹಂಚಬೇಕು, ಸಾಲದಿದ್ದರೆ ಮಿತ್ರರಾಜರಲ್ಲಿ ಬೇಡಬೇಕು. ಅದೂ ಸಾಲದಿದ್ದರೆ ಧನಿಕರ ವಿಷಯದಲ್ಲಿ ಕರ್ಶನ ಮತ್ತು ವಮನ ಎಂಬ ಎರಡು ಉಪಾಯಗಳನ್ನು ಹೇಳುತ್ತಾನೆ. ಇವು ವೈದ್ಯಶಾಸ್ತ್ರದ ಶಬ್ದಗಳು. ಕರ್ಶನವೆಂದರೆ ಮೈ ಇಳಿಸುವುದು, ವಮನವೆಂದರೆ ಕಕ್ಕಿಸುವುದು. ಕೂಡಿಟ್ಟವರ ಹೊಟ್ಟೆಯಿಂದ ಹೊರಗೆ ತೆಗೆಸಬೇಕು ಎಂದರ್ಥ. ನಮ್ಮ ಭಕ್ತರು ಗಾಬರಿಯಾಗಬಾರದು, ಅದು ಘೋರ ಬರಗಾಲದ ಮಾತು.

ಮೂರನೆಯ ಅಧಿಕರಣದ ಕೊನೆಯಲ್ಲಿ ಒಂದು ಸಣ್ಣ ವಿಧಿಯಿದೆ. ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಅದು. ದೇವರ ಗುಡಿಗಳು, ತಪಸ್ವಿಗಳು, ಹೆಂಗಸರು, ಮಕ್ಕಳು, ವೃದ್ಧರು, ರೋಗಿಗಳು, ಅನಾಥರು, ಇವರು ನ್ಯಾಯಸಭೆಯ ತನಕ ಬಾರದಿದ್ದರೂ ನ್ಯಾಯಾಧಿಕಾರಿಗಳು ತಾವಾಗಿಯೇ ಅವರ ಕೆಲಸವನ್ನು ನಡೆಸಬೇಕು. ಕಾಲ ಮೀರಿತು, ಸ್ಥಳ ನಮ್ಮದಲ್ಲ, ವಸ್ತು ಇಷ್ಟು ದಿನ ಬೇರೆಯವರ ಅನುಭೋಗದಲ್ಲಿತ್ತು ಎಂಬ ನೆವ ಹೇಳಿ ತಳ್ಳಿಹಾಕಬಾರದು. ಅರ್ಜಿ ಹಿಡಿದು ಬಂದವನಿಗೆ ಉತ್ತರ ಕೊಡುವುದು ಯಾವ ರಾಜ್ಯದಲ್ಲಿಯೂ ಉಂಟು. ಬಾರದವನ ಕೆಲಸವೂ ತನ್ನದೇ ಎಂದು ಅಧಿಕಾರಿಗೆ ಕಟ್ಟಳೆ ಮಾಡಿದ್ದು ವಿಶೇಷ. ಈ ಮಾತನ್ನು ನೆನಪಿನಲ್ಲಿಡಿರಿ, ಕೊನೆಗೆ ಮತ್ತೆ ಬರುತ್ತದೆ.

ಆದರೆ ಕೌಟಿಲ್ಯನು ಇದನ್ನೆಲ್ಲ ಏಕೆ ಹೇಳಿದ? ಜನರು ಬಡವರಾದರೆ ಆಸೆಬುರುಕರಾಗುತ್ತಾರೆ, ಆಸೆಬುರುಕರು ಅರಸನ ಮೇಲಿನ ಅಭಿಮಾನ ಬಿಡುತ್ತಾರೆ, ಅಭಿಮಾನ ಬಿಟ್ಟವರು ಶತ್ರುವಿನ ಕಡೆ ಹೋಗುತ್ತಾರೆ ಇಲ್ಲವೆ ಒಡೆಯನನ್ನೇ ಮುಗಿಸುತ್ತಾರೆ ಎಂದು ಅವನೇ ಕಾರಣ ಕೊಟ್ಟಿದ್ದಾನೆ. ಇದು ಗದ್ದುಗೆ ಉಳಿಸಿಕೊಳ್ಳುವವನ ಜಾಣತನ. ತಪ್ಪೇನಲ್ಲ. ಚುನಾವಣೆ ಹತ್ತಿರ ಬಂದಾಗ ಬಡವರ ನೆನಪಾಗುವುದೂ ಇದೇ ಜಾತಿಯದು. ಜಾಣತನದಿಂದ ಕೊಟ್ಟ ಅಕ್ಕಿಯೂ ಹಸಿದವನ ಹೊಟ್ಟೆ ತುಂಬುತ್ತದೆ. ಆದರೆ ಅಂಜಿಕೆ ತೀರಿದ ದಿನ ಕೊಡುವುದೂ ನಿಲ್ಲುತ್ತದೆ.

ಮಹಾಭಾರತ ಇನ್ನೂ ಆಳಕ್ಕೆ ಹೋಗಿದೆ. ಶಾಂತಿಪರ್ವದಲ್ಲಿ ಭೀಷ್ಮರು ಉತಥ್ಯ ಋಷಿಯು ಮಾಂಧಾತನಿಗೆ ಹೇಳಿದ ನೀತಿಯನ್ನು ಧರ್ಮರಾಜನಿಗೆ ತಿಳಿಸುತ್ತಾರೆ. ಬಲ ಎಂಬುದು ಹುಟ್ಟಿದ್ದೇ ದುರ್ಬಲನ ಸಲುವಾಗಿ ಎಂಬ ಅಭಿಪ್ರಾಯ ಅಲ್ಲಿದೆ. ದುರ್ಬಲನ ಕಣ್ಣು, ಮುನಿಯ ಕಣ್ಣು, ಸರ್ಪದ ಕಣ್ಣು ಈ ಮೂರನ್ನೂ ತಡೆದುಕೊಳ್ಳುವುದು ಕಷ್ಟವೆಂದು ಅರಸನನ್ನು ಎಚ್ಚರಿಸಲಾಗಿದೆ. ದುರ್ಬಲನು ಬೊಬ್ಬೆ ಹಾಕುವುದಿಲ್ಲ, ದಂಗೆ ಏಳುವುದಿಲ್ಲ, ನೋಡುತ್ತಾನೆ ಅಷ್ಟೆ. ಆ ನೋಟಕ್ಕೆ ಅರಸನ ಮನೆತನ ಬೇರು ಸಹಿತ ಸುಟ್ಟು ಹೋಗುತ್ತದೆ ಎಂಬುದು ಋಷಿಯ ಮಾತಿನ ತಾತ್ಪರ್ಯ. ಅದಕ್ಕೂ ಮೊದಲು ಸಭಾಪರ್ವದಲ್ಲಿ ನಾರದರು ಬಂದು ಧರ್ಮರಾಜನನ್ನು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳುತ್ತಾರೆ. ನಿನ್ನ ನಾಡಿನಲ್ಲಿ ಅಲ್ಲಲ್ಲಿ ದೊಡ್ಡ ಕೆರೆಗಳು ತುಂಬಿವೆಯೇ, ಬೇಸಾಯ ಮಳೆಯನ್ನೇ ನಂಬಿ ಕುಳಿತಿಲ್ಲವಷ್ಟೆ, ಒಕ್ಕಲಿಗನಿಗೆ ಬೀಜಕ್ಕೂ ಊಟಕ್ಕೂ ಕೊರತೆಯಿಲ್ಲವಷ್ಟೆ, ಅವನಿಗೆ ಕಡಿಮೆ ಬಡ್ಡಿಯಲ್ಲಿ ಸಾಲ ಸಿಗುತ್ತಿದೆಯೇ, ಕುರುಡರನ್ನು, ಮೂಕರನ್ನು, ಹೆಳವರನ್ನು, ಬಂಧುಗಳಿಲ್ಲದವರನ್ನು ತಂದೆಯ ಹಾಗೆ ನೋಡಿಕೊಳ್ಳುತ್ತಿದ್ದೀಯಾ ಎಂದು. ಇಂದಿನ ವಿಧಾನಸಭೆಯ ಪ್ರಶ್ನೋತ್ತರಕ್ಕೆ ಇದರಲ್ಲಿ ಒಂದಕ್ಷರ ಬದಲಿಸಬೇಕಾಗಿಲ್ಲ. ಪ್ರಶ್ನೆ ಕೇಳಿದವರು ನಾರದರಾದ್ದರಿಂದ ಉತ್ತರ ಕೊಡದೆ ಎದ್ದು ಹೋಗುವಂತಿರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಹೀಗೆ ಹೇಳಿದ ಶಾಸ್ತ್ರಗಳು ಎಲ್ಲರಿಗೂ ಸಮನಾಗಿ ನಡೆದುಕೊಂಡವೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದೇ ನಾವು ಹೇಳಬೇಕು. ಒಂದೇ ತಪ್ಪಿಗೆ ಒಂದೊಂದು ವರ್ಣಕ್ಕೆ ಒಂದೊಂದು ದಂಡವನ್ನು ಅವೇ ಗ್ರಂಥಗಳು ಹೇಳಿವೆ. ಸಂಸ್ಕೃತ ಓದಿದವರು ಇದನ್ನು ಮುಚ್ಚಿಡಬಾರದು. ಅದನ್ನು ಮುಖಾಮುಖಿ ಎದುರಿಸಿದವರು ಕಲ್ಯಾಣದ ಶರಣರು. ಅವರ ಮಾತಿಗೆ ಬರುವ ಮೊದಲು ನಮ್ಮ ನೆಲದ ಒಂದು ಕಲ್ಲಿನ ಕಥೆ ಇದೆ.

ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಮೇಲೆ ಸನ್ನತಿ. ಚಂದ್ರಲಾಂಬಾ ದೇವಿಯ ಸನ್ನಿಧಿಗೆ ನಿಮ್ಮಲ್ಲಿ ಹಲವರು ಹೋಗಿ ಬಂದಿದ್ದೀರಿ. ಅಲ್ಲಿಯ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಬಿತ್ತು. ಮೂರ್ತಿ ಭಗ್ನವಾಯಿತು. ಅದರಡಿಯ ಕಲ್ಲನ್ನು ನೋಡಿದರೆ ಅಶೋಕ ಚಕ್ರವರ್ತಿಯ ಶಾಸನ! ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಕ್ಷರ. ಅದರಲ್ಲಿ ಕಳಿಂಗದ ಧೌಳಿ ಮತ್ತು ಜೌಗಡಗಳಲ್ಲಿ ಮಾತ್ರ ಕಾಣುತ್ತಿದ್ದ ಪ್ರತ್ಯೇಕ ಶಾಸನಗಳ ಪಾಠವೂ ಇತ್ತು. ಮನುಷ್ಯರೆಲ್ಲರೂ ತನ್ನ ಮಕ್ಕಳೆಂದು ಸಾರಿ, ಅಧಿಕಾರಿಗಳು ಹೇಗೆ ನಡೆಯಬೇಕೆಂದು ಬರೆಸಿದ ಆಜ್ಞೆ ಅದು. ಕಾರಣವಿಲ್ಲದೆ ಯಾರೂ ಸೆರೆಯಲ್ಲಿ ಕೊಳೆಯಬಾರದು. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು, ಈ ದೋಷಗಳಿದ್ದವನು ನ್ಯಾಯವಾಗಿ ನಡೆಯಲಾರ. ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ನಡುನಡುವೆಯೂ ಕೇಳಿಸಬೇಕು ಎಂದು ಅಪ್ಪಣೆ. ಸೋಮಾರಿತನದ ದೋಷವನ್ನು ಅಶೋಕನು ಎಣಿಸಿದ್ದು ಬಡವನಲ್ಲಿ ಅಲ್ಲ, ಅಧಿಕಾರಿಯಲ್ಲಿ. ನಮ್ಮ ಅಡತಿಯ ಭಕ್ತರ ಪ್ರಶ್ನೆ ನೆನಪಾಗಿ ಈ ಮಾತು ಹೇಳಿದೆವು.

ಈಗ ಕಲ್ಯಾಣ. ಬಸವಣ್ಣನವರಿಗೆ ಸ್ವಲ್ಪ ಮೊದಲು, 1126ರಿಂದ 1138ರ ತನಕ ಅಲ್ಲಿ ಆಳಿದವನು ಚಾಲುಕ್ಯ ಮೂರನೆಯ ಸೋಮೇಶ್ವರ. ಸರ್ವಜ್ಞನೆಂಬ ಬಿರುದು ಅವನಿಗಿತ್ತು. ಅವನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳು. ಮೊದಲ ಇಪ್ಪತ್ತರಲ್ಲಿ ಅರಸನಾಗಲು ಬೇಕಾದ ಧರ್ಮಗಳನ್ನು ಹೇಳುವಾಗ ದೀನರು, ಅನಾಥರು, ಆರ್ತರು, ಬಂಧುಗಳು, ಸೇವಕರು ಇವರ ಪೋಷಣೆಯನ್ನೂ, ಮರೆಹೊಕ್ಕವರ ರಕ್ಷಣೆಯನ್ನೂ ಹೇಳಿದ್ದಾನೆ. ಮುಂದೆ ಅರಸನ ಊಟದ ವರ್ಣನೆ ಬರುತ್ತದೆ. ಉದ್ದಿನ ಇಡ್ಡರಿಕೆಯಿಂದ ಹಿಡಿದು ಬೇಟೆಯ ಮಾಂಸದ ತನಕ ಒಂದೊಂದನ್ನೂ ಬೇಯಿಸುವ ವಿಧಾನ. ಇಡ್ಲಿಯ ಇತಿಹಾಸ ಬರೆಯುವವರು ಅದನ್ನು ಬಹಳ ಉದಾಹರಿಸುತ್ತಾರೆ. ದೀನರ ಪೋಷಣೆಯ ಭಾಗವನ್ನು ಉದಾಹರಿಸಿದವರನ್ನು ನಾವು ಹೆಚ್ಚು ಕಾಣೆವು.

ಚಾಲುಕ್ಯರ ಕೈಯಿಂದ ರಾಜ್ಯ ಕಳಚೂರಿ ಬಿಜ್ಜಳನ ಕೈಗೆ ಬಂದಿತು. ಮಂಗಳವಾಡದಲ್ಲಿ ಕರಣಿಕರಾಗಿ ಲೆಕ್ಕ ಬರೆಯುತ್ತಿದ್ದ ಬಸವಣ್ಣನವರು ಭಂಡಾರಿಗಳಾದರು. ಅವರ ಮಹಾಮನೆಯಲ್ಲಿ ನಿತ್ಯ ಸಾವಿರಾರು ಜಂಗಮರಿಗೆ ದಾಸೋಹ. ಇಷ್ಟು ಅನ್ನ ಎಲ್ಲಿಂದ ಬರುತ್ತದೆ, ಅರಸನ ಬೊಕ್ಕಸದಿಂದಲೇ ಬರುತ್ತಿರಬೇಕು ಎಂದು ಕೊಂಡೆಯರು ಬಿಜ್ಜಳನ ಕಿವಿ ಕಚ್ಚಿದರು. ಬಿಜ್ಜಳನು ಲೆಕ್ಕ ಕೇಳಿದ. ಭಂಡಾರವನ್ನು ತೆರೆದು ಎಣಿಸಿದರು. ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಬಸವಪುರಾಣಗಳಲ್ಲಿ ಬರುವ ಈ ಪ್ರಸಂಗವನ್ನು ನಾವೆಲ್ಲ ಪವಾಡವೆಂದು ಕೇಳಿ ಕೈಮುಗಿದಿದ್ದೇವೆ. ಆದರೆ ಇದರಲ್ಲಿ ಒಂದು ಆಡಳಿತದ ಸೂಕ್ಷ್ಮವಿದೆ. ಬಸವಣ್ಣನವರಿಗೆ ಎರಡು ಕೈಗಳಿದ್ದವು. ಒಂದು ಕೈ ದಾಸೋಹದ್ದು, ಅದು ತಮ್ಮ ಕಾಯಕದ ಗಳಿಕೆಯಿಂದ ನಡೆಯುತ್ತಿತ್ತು. ಇನ್ನೊಂದು ಕೈ ಭಂಡಾರದ್ದು, ಅದು ನಾಡಿನ ಜನರು ತೆತ್ತ ಹಣವನ್ನು ಕಾಯುತ್ತಿತ್ತು. ಎರಡನ್ನೂ ಅವರು ಬೆರೆಸಲಿಲ್ಲ. ಭಂಡಾರದ ಹಣದಿಂದ ದಾಸೋಹ ಮಾಡಿ ತಮ್ಮ ಹೆಸರು ಹೇಳಿಸಿಕೊಳ್ಳಲಿಲ್ಲ. ದಾಸೋಹ ನಡೆದಿದೆಯಲ್ಲ, ಇನ್ನು ಅರಸನಿಗೆ ಹೊಣೆಯಿಲ್ಲ ಎಂದೂ ಅವರು ಹೇಳಿದ ಪ್ರಸಂಗವನ್ನು ನಾವು ಎಲ್ಲಿಯೂ ಓದಿಲ್ಲ.

ಆಯ್ದಕ್ಕಿ ಮಾರಯ್ಯನವರ ಕಥೆ ಹೇಳಿ ಇದನ್ನು ಖಂಡಿಸುವವರು ಉಂಟು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಮಡದಿ ಲಕ್ಕಮ್ಮನವರು ನೋಡಿ, ಈ ಹೆಚ್ಚಿನ ಆಸೆ ನಮಗೇಕೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ನೋಡಿರಿ, ಬಡವರಾದರೂ ಪುಕ್ಕಟೆ ಬಯಸಲಿಲ್ಲ, ಇಂದಿನ ಬಡವರೂ ಹಾಗಿರಬೇಕು ಎನ್ನುತ್ತಾರೆ. ಲಕ್ಕಮ್ಮನವರು ಈ ಮಾತನ್ನು ಹೇಳಿದ್ದು ತಮ್ಮ ಗಂಡನಿಗೆ, ತಮ್ಮ ಅಡುಗೆ ಮನೆಯಲ್ಲಿ ನಿಂತು. ನೆರೆಮನೆಯ ಹಸಿದವಳಿಗೆ ಹೇಳಲಿಲ್ಲ. ಅಕ್ಕಿಯ ಚೀಲಗಳನ್ನು ಅಟ್ಟಿಯೊಟ್ಟಿ ಅದರ ಮೇಲೆ ಕುಳಿತು ಹೇಳಲಿಲ್ಲ. ಆ ತಾಯಿಯ ಮಾತನ್ನು ಎರವಲು ತರುವವರು ಮೊದಲು ತಮ್ಮ ಮನೆಯ ಕಣಜದ ಮುಂದೆ ನಿಂತು ಆಡಿ ನೋಡಬೇಕು.

ಬಸವಣ್ಣನವರು ಕರಣಿಕರಾಗಿದ್ದ ಮಂಗಳವಾಡವೇ ಇಂದಿನ ಮಂಗಳವೇಢೆ, ಸೊಲ್ಲಾಪುರ ಜಿಲ್ಲೆಯಲ್ಲಿದೆ. ಅದೇ ಊರಿನಲ್ಲಿ ಮೂರು ಶತಮಾನಗಳ ನಂತರ ಇನ್ನೊಬ್ಬ ಅಧಿಕಾರಿ ಆಗಿಹೋದ, ದಾಮಾಜಿಪಂತನೆಂದು. ಬೀದರಿನ ಬಹಮನಿ ಸುಲ್ತಾನರ ಕೈಕೆಳಗಿನ ನೌಕರ, ಪಂಢರಪುರದ ವಿಠ್ಠಲನ ಭಕ್ತ. ಘೋರ ಬರ ಬಿತ್ತು. ಸರಕಾರಿ ಕಣಜಗಳು ತುಂಬಿದ್ದವು, ಹೊರಗೆ ಜನ ಸಾಯುತ್ತಿದ್ದರು. ದಾಮಾಜಿ ಅಪ್ಪಣೆ ಕೇಳದೆ ಕಣಜದ ಬಾಗಿಲು ತೆಗೆಸಿ ಧಾನ್ಯವನ್ನು ಹಂಚಿಬಿಟ್ಟ. ಸುದ್ದಿ ಬೀದರಿಗೆ ಮುಟ್ಟಿತು. ಅವನನ್ನು ಹಿಡಿದು ತರಲು ಆಳುಗಳು ಹೋದರು. ಅವನು ಬೀದರನ್ನು ಮುಟ್ಟುವ ಮೊದಲೇ ವಿಠ್ಠಲನು ಮಹಾರನ ವೇಷದಲ್ಲಿ ದರ್ಬಾರಿಗೆ ಹೋಗಿ ಆ ಧಾನ್ಯದ ಬೆಲೆಯನ್ನೆಲ್ಲ ಸುರಿದು ರಶೀದಿ ಪಡೆದನೆಂದು ಸಂತರ ಕಥೆಗಳಲ್ಲಿ ಬರುತ್ತದೆ. ಬಹಳ ಸುಂದರವಾದ ಕಥೆ. ಕೇಳಿದಾಗಲೆಲ್ಲ ನಮ್ಮ ಕಣ್ಣು ಒದ್ದೆಯಾಗುತ್ತದೆ. ಆದರೂ ಒಂದು ಸಂಶಯ ಉಳಿಯುತ್ತದೆ. ದೇವರು ಯಾಕೆ ಬೆಲೆ ತೆರಬೇಕಾಯಿತು? ಆ ಧಾನ್ಯವನ್ನು ಬೆಳೆದವರೇ ಅದನ್ನು ಉಂಡರು. ಕೌಟಿಲ್ಯನ ಲೆಕ್ಕ ಹಿಡಿದರೆ ಕಣಜದ ಅರ್ಧ ಭಾಗ ಆಪತ್ತಿಗೆಂದೇ ಮೀಸಲಾದದ್ದು. ದಾಮಾಜಿ ಕದ್ದಿರಲಿಲ್ಲ, ಅರಸನು ಮಾಡಬೇಕಾದದ್ದನ್ನು ಮಾಡಿದ್ದ. ಶಾಸ್ತ್ರ ತಾಳೆಗರಿಯಲ್ಲಿ ಮುಚ್ಚಿಹೋದಾಗ ಅರಸನ ಕರ್ತವ್ಯವನ್ನು ಜನರು ದೇವರ ಮೇಲೆ ಹಾಕಬೇಕಾಗಿ ಬಂದಿತು.

ದೇವರು ರಶೀದಿ ಪಡೆಯಲು ಬಾರದ ಬರಗಾಲವೂ ನಮ್ಮ ನಾಡಿನಲ್ಲಿ ನಡೆದಿದೆ. 1876ರಲ್ಲಿ ಆರಂಭವಾಗಿ 1878ರ ತನಕ ಕಾಡಿದ ಬರ. ಧಾತು ಸಂವತ್ಸರದಲ್ಲಿ ಹಿಡಿದು ಈಶ್ವರ ಸಂವತ್ಸರದಲ್ಲಿ ಊರೂರನ್ನೇ ಖಾಲಿ ಮಾಡಿತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಬಳ್ಳಾರಿ, ಧಾರವಾಡ, ವಿಜಾಪುರ ಸೀಮೆಗಳ ಪಾಡೂ ಅದೇ. ಆಗ ರೈಲು ಇರಲಿಲ್ಲವೆಂದಲ್ಲ, ಬೆಂಗಳೂರಿಗೆ 1864ರಲ್ಲಿಯೇ ಬಂದಿತ್ತು. ಭಾರತದಲ್ಲಿ ಧಾನ್ಯವೇ ಇರಲಿಲ್ಲವೆಂದೂ ಅಲ್ಲ, ಆ ವರ್ಷಗಳಲ್ಲಿಯೂ ಇಲ್ಲಿಯ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಧಾನ್ಯದ ವ್ಯಾಪಾರದಲ್ಲಿ ಸರಕಾರ ಕೈಹಾಕಬಾರದು, ಬೆಲೆ ಏರಿದರೆ ಧಾನ್ಯ ತಾನಾಗಿ ಬರುತ್ತದೆ ಎಂಬುದು ಆಗಿನ ಆಳರಸರ ಸಿದ್ಧಾಂತ. ಧಾನ್ಯ ಬಂದರೂ ಕೊಳ್ಳಲು ಕೂಲಿಯವನ ಕೈಯಲ್ಲಿ ಕಾಸಿರಲಿಲ್ಲ. ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳ ಪರಿಹಾರ ಕಾಮಗಾರಿಗಳಲ್ಲಿ, ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಕೂಲಿ ಕಟ್ಟಬಹುದೆಂದು 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ಗೊತ್ತುಮಾಡಿದ. ಅರ್ಧ ಸೇರಿನ ಸುಮಾರು. ಹೆಚ್ಚು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆಂಬ ಭಯ ಆಗಲೂ ಇತ್ತು. ಸೋಮಾರಿಗಳಾಗಲು ಅವರಲ್ಲಿ ಎಷ್ಟೋ ಮಂದಿ ಉಳಿಯಲಿಲ್ಲ. ಅಷ್ಟು ಹೆಣ ಬಿದ್ದ ಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂದಿತು, ಬರ ಬಿದ್ದಾಗ ಕೆಲಸ ತೆಗೆದು ಕೂಲಿ ಕೊಡುವುದು ಸರಕಾರದ ಕರ್ತವ್ಯವೆಂಬ ಕ್ಷಾಮ ಸಂಹಿತೆಗಳು ಬಂದವು. ಸಾವಿರಾರು ವರ್ಷಗಳ ಹಿಂದೆ ಸಂಸ್ಕೃತದಲ್ಲಿ ಬರೆದಿಟ್ಟದ್ದನ್ನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಬರೆಯಲು ಇಷ್ಟು ಪ್ರಾಣಗಳು ಬೇಕಾದವು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 41ನೆಯ ವಿಧಿಯನ್ನು ಓದಿದಾಗ ನಮಗೆ ಕೌಟಿಲ್ಯನ ಆ ಮೊದಲ ಪಟ್ಟಿಯೇ ನೆನಪಾಯಿತು. ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯ ಇವುಗಳಲ್ಲಿ ಪ್ರಜೆಗೆ ನೆರವಾಗಬೇಕೆಂದು ಅಲ್ಲಿದೆ. ರಾಜ್ಯದ ಶಕ್ತಿಯ ಮಿತಿಯೊಳಗೆ ಎಂಬ ಮಾತೂ ಇದೆ, ನ್ಯಾಯಾಲಯಕ್ಕೆ ಹೋಗಿ ಕೇಳುವಂತಿಲ್ಲವೆಂಬ ಕಟ್ಟೂ ಇದೆ. ಆ ಮಾತು ವಕೀಲರಿಗೆ ಬಿಟ್ಟದ್ದು. ವರ್ಣಕ್ಕೊಂದು ದಂಡ ಎಂಬುದನ್ನು ಮಾತ್ರ ಈ ಹೊಸ ಶಾಸ್ತ್ರ ತೆಗೆದುಹಾಕಿತು. ಕಲ್ಯಾಣದ ಶರಣರು ಇದಕ್ಕೆ ಸಂತೋಷಪಡುತ್ತಿದ್ದರು.

ಈಗ ನಮ್ಮದೇ ತಪ್ಪೊಂದನ್ನು ಹೇಳಬೇಕು.

ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಒಬ್ಬ ಮುದುಕಿ ಬರುತ್ತಿದ್ದಳು. ಹತ್ತಿ ಬಿಡಿಸಿ, ಕಳೆ ಕಿತ್ತು ಬಾಳುವೆ ಮಾಡಿದ ಜೀವ. ಗಂಡನಿಲ್ಲ, ಮಗನಿಲ್ಲ. ಹತ್ತಿರ ಹತ್ತಿರ ಒಂಬತ್ತು ತಿಂಗಳು ನಿತ್ಯ ಬಂದಳು. ನಾವು ದಾಟಿ ಹೋಗುವಾಗ ನೆಲ ಮುಟ್ಟಿ ನಮಸ್ಕರಿಸುವಳು, ನಾವು ಕೈಯೆತ್ತಿ ಹರಸುವೆವು. ಇಂಥವರಿಗೆ ಮಠ ಆಸರೆಯಾಯಿತಲ್ಲ ಎಂದು ಮನಸ್ಸಿನಲ್ಲಿ ಒಂದು ಬಗೆಯ ತೃಪ್ತಿಯೂ ಇತ್ತು. ಒಂದು ದಿನ ಯಾಕೋ ನಿಂತು, "ತಾಯಿ, ಪ್ರಸಾದ ಸರಿಯಾಗಿ ಸಿಗತೈತಿಲ್ಲೋ?" ಎಂದು ಕೇಳಿದೆವು. ಅವಳು, "ಸಿಗತೈತಿ ಯಪ್ಪಾ. ನೀ ಹಾಕೂದು ನಿನ್ನ ಧರ್ಮ. ನನ್ನ ಪಗಾರ ನಿಂತೈತಿ ನೋಡು, ಅದು ನನ್ನ ರೊಕ್ಕ" ಎಂದಳು.

ಆಮೇಲೆ ವಿಚಾರಿಸಿದೆವು. ದುಡಿದು ದುಡಿದು ಅವಳ ಹೆಬ್ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಯಂತ್ರ ಗುರುತು ಹಿಡಿಯಲಿಲ್ಲ. ಮುಪ್ಪಿನ ವೇತನ ನಿಂತಿತು. ಕಚೇರಿಗೆ ಎರಡು ಸಲ ಹೋಗಿದ್ದಾಳೆ. ಇಲ್ಲಿ ಅಲ್ಲ ಅಲ್ಲಿ, ಇಂದು ಅಲ್ಲ ನಾಳೆ ಎಂದಿದ್ದಾರೆ. ಮೂರನೆಯ ಸಲ ಹೋಗಲು ಬಸ್ಸಿನ ಚಾರ್ಜಿಗೆ ಹಣವಿರಲಿಲ್ಲ. ಅಷ್ಟೂ ತಿಂಗಳು ನಾವು ಅವಳಿಗೆ ಅನ್ನ ಹಾಕಿದೆವು, ಒಂದು ಮಾತು ಕೇಳಲಿಲ್ಲ. ಬಾರದವರ ಕೆಲಸವನ್ನೂ ತಾವಾಗಿ ಮಾಡಬೇಕೆಂಬ ಕೌಟಿಲ್ಯನ ವಿಧಿಯನ್ನು ನಾವು ಅದೇ ವರ್ಷ ಶಿಷ್ಯರಿಗೆ ಪಾಠ ಹೇಳಿದ್ದೆವು. ದಿನವೂ ಎದುರಿಗೆ ಬಂದು ಕೂಡುವವಳ ಕೆಲಸ ನಮಗೆ ಕಾಣಲಿಲ್ಲ.

ಮಠದ ಶಾಲೆಯ ತರುಣ ಮಾಸ್ತರರೊಬ್ಬರನ್ನು ಜೊತೆಗೆ ಕಳಿಸಿದೆವು. ನಾಲ್ಕು ಸಲ ತಿರುಗಾಡಿದ ಮೇಲೆ ವೇತನ ಮತ್ತೆ ಆರಂಭವಾಯಿತು. ನಿಂತಿದ್ದ ತಿಂಗಳುಗಳದ್ದೆಲ್ಲ ಬರಲಿಲ್ಲ, ಕೆಲವು ತಿಂಗಳದ್ದು ಬಂದಿತು. ಹಣ ಬಂದ ವಾರ ಅವಳು ಶ್ರೀಮಠಕ್ಕೆ ಬಂದು ಐವತ್ತು ರೂಪಾಯಿಯ ನೋಟನ್ನು ದಾಸೋಹದ ಪೆಟ್ಟಿಗೆಗೆ ಹಾಕಿದಳು. ಬೇಡವೆಂದರೆ ಕೇಳಲಿಲ್ಲ. ರಶೀದಿ ಕೊಡಿರೆಂದು ನಿಂತಳು. ರಶೀದಿ ಬರೆಸಿ ಕೊಟ್ಟೆವು.

ಇಷ್ಟು ಹೇಳಿದ ಮೇಲೆ ನಮ್ಮ ಅಡತಿಯ ಭಕ್ತರಲ್ಲಿ ಒಂದು ಕೇಳಿಕೆ. ಅವರು ಇಲ್ಲಿಯೇ ಎದುರಿಗೆ ಕುಳಿತಿದ್ದಾರೆ. ಅವರ ಅಂಗಡಿಯಲ್ಲಿ ಕಂಪ್ಯೂಟರ್ ಇದೆ, ಕಾಗದಪತ್ರ ಬಲ್ಲ ಇಬ್ಬರು ಹುಡುಗರಿದ್ದಾರೆ. ವಾರಕ್ಕೊಂದು ದಿನ, ಸೋಮವಾರ ಪ್ರಸಾದದ ಹೊತ್ತಿಗೆ, ಅವರಲ್ಲಿ ಒಬ್ಬ ಹುಡುಗನನ್ನು ಶ್ರೀಮಠದ ಬಾಗಿಲ ಬಳಿ ಕೂಡಿಸಬೇಕು. ಪಂಕ್ತಿಗೆ ಬರುವವರ ರೇಷನ್ ಚೀಟಿ, ವೇತನದ ಪುಸ್ತಕ ನೋಡಿ, ನಿಂತದ್ದು ಯಾಕೆ ನಿಂತಿದೆ ಎಂದು ಬರೆದುಕೊಳ್ಳಬೇಕು. ಜೋಳದ ಚೀಲ ಈ ವರ್ಷ ಒಂದು ಕಡಿಮೆ ಕಳಿಸಿದರೂ ಚಿಂತೆಯಿಲ್ಲ. ಅವರು ನಗುತ್ತಿದ್ದಾರೆ, ಉತ್ತರ ಇನ್ನೂ ಹೇಳಿಲ್ಲ. ನಾಳೆ ಮೋಳಿಗೆಯ ಮಾರಯ್ಯನವರ ಚರಿತ್ರೆಯನ್ನು ಎತ್ತಿಕೊಳ್ಳುವೆವು, ಆಗ ಹೇಳಲಿ. ಪ್ರಸಾದಕ್ಕೆ ಹೊತ್ತಾಗಿದೆ, ಮಕ್ಕಳನ್ನೂ ವಯಸ್ಸಾದವರನ್ನೂ ಮೊದಲು ಬಿಡಿರಿ.